ತಾಪಾದಲ್ಲಿ ತುಂಬಿಸಿದ ಡೀಸೆಲ್

ಅವರ ಬಲಮೊಣಕಾಲು ಎಂದೂ ಸುಮ್ಮನಿದ್ದದ್ದಿಲ್ಲ. ಊಟದ ಮೇಜಿನ ಕೆಳಗೆ ಅದು ಅಲುಗತೊಡಗಿತೆಂದರೆ ಮೇಲೆ ಸ್ಟೀಲ್ ಲೋಟಗಳು ಕಿಣಿಕಿಣಿ ಅನ್ನುತ್ತಿದ್ದವು, ಬಟ್ಟಲಿನ ಸಾರು ಅಂಚಿಗೆ ಬಂದು ಹಿಂದಕ್ಕೆ ಹೋಗುತ್ತಿತ್ತು. "ಇವರ ಕಾಲಿಗೆ ಒಂದು ಮೋಟಾರು ಇಟ್ಟೇ ಕಳಿಸಿದ್ದಾನೆ ದೇವರು" ಎನ್ನುತ್ತಾ ಅವರ ಹೆಂಡತಿ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು.

ಈ ಪರದೇಶದಲ್ಲಿ, ಪೆಟಾಲಿಂಗ್ ಜಯಾದ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಅವರದು ಎದುರು ಮನೆ. ಉಡುಪಿ ಕಡೆಯವರು, ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪ್ಯಾಥಾಲಜಿ ಕಲಿಸಿ ನಿವೃತ್ತರಾದವರು. ನಾನು ಮೈಸೂರಿನವಳು, ಸಾಫ್ಟ್‌ವೇರ್ ಕೆಲಸದವಳು, ಅವರ ಪಾಠ ಒಂದು ದಿನವೂ ಕೇಳಿದವಳಲ್ಲ. ಆದರೂ ಅವರು ನನಗೆ ಮೇಷ್ಟ್ರು, ಅವರ ಹೆಂಡತಿ ಅಕ್ಕ. ಕಾಲಿಗೆ ಚಕ್ರ ಕಟ್ಟಿಕೊಂಡ ಜನ ಇರುತ್ತಾರಲ್ಲ, ಅಂಥವರು ಮೇಷ್ಟ್ರು. ತಮಿಳು ಮುಸ್ಲಿಮರು ನಡೆಸುವ ಮಾಮಕ್ ಅಂಗಡಿಯಲ್ಲಿ ಕುರ್ಚಿ ಖಾಲಿಯಿದ್ದರೂ ನಿಂತೇ ಟೀ ಕುಡಿಯುತ್ತಿದ್ದರು. "ಕೂತ್ರೆ ತುಕ್ಕು ಹಿಡೀತದೆ" ಎನ್ನುವುದು ಅವರ ಸಮಜಾಯಿಷಿ.

ನಾನೂ ನೆಮ್ಮದಿಯ ಜಾತಿಯವಳಲ್ಲ, ಆದರೆ ನನ್ನದು ಬೇರೆ ಥರ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಲಿಫ್ಟಿನಿಂದ ವಾಪಸ್ ಓಡಿಬರುವವಳು. ಅದನ್ನು ನೋಡಿ ಅವರು ಒಮ್ಮೆ ಹೇಳಿದರು: "ಹೆದರಿಕೆ ಇರ್ಲಿ ಮಾರಾಯ್ತಿ, ಅದನ್ನೂ ಗಾಡಿಗೆ ಹತ್ತಿಸು. ಹೊರಡುದು ಮಾತ್ರ ಬಿಡ್ಬೇಡ."

ಅಕ್ಕನಿಗೆ ಶ್ವಾಸಕೋಶ ಗಟ್ಟಿಯಾಗುತ್ತಾ ಬರುವ ಕಾಯಿಲೆ. ಕರೆಂಟಿನಿಂದ ನಡೆಯುವ ಆಕ್ಸಿಜನ್ ಮೆಷಿನ್ನಿನ ನಳಿಗೆ ಮೂಗಿನಲ್ಲಿ ಇರಲೇಬೇಕು. ಮೆಷಿನ್ ಇರುವಲ್ಲಿ ಅವರು. ಹೀಗಾಗಿ ಬಹಳ ಕಾಲ ಬಾಲ್ಕನಿಯಿಂದ ಹೈವೇಯ ಕಾರು ನೋಡುವುದೇ ಅವರ ತಿರುಗಾಟವಾಗಿತ್ತು. ದೂರದ ಬಯಾನ್ ಲೆಪಾಸಿನಲ್ಲಿರುವ ಮಗ ಫೋನಿನಲ್ಲಿ ದಿನಾ ಅದನ್ನೇ ಒಪ್ಪಿಸುತ್ತಿದ್ದ: ಅಮ್ಮನನ್ನು ಎಲ್ಲಿಗೂ ಕರೆದುಕೊಂಡು ಹೋಗಬೇಡಿ. ಮೇಷ್ಟ್ರು ಹ್ಞೂಂ ಹ್ಞೂಂ ಅಂದು, ಒಂದು ಭಾನುವಾರ ಹಳೆಯದೊಂದು ಮೋಟರ್‌ಹೋಮ್ ತಂದು ಕೆಳಗೆ ನಿಲ್ಲಿಸಿದರು. ಒಳಗೆ ಹಾಸಿಗೆ, ಗ್ಯಾಸ್ ಒಲೆ. ಪಕ್ಕದ ಗೂಡಿನಲ್ಲಿ ಮೆಷಿನ್ನಿಗೆ ಕರೆಂಟು ಕೊಡಲು ಡೀಸೆಲ್ ಜನರೇಟರ್. "ಮನೆಗೇ ಗಾಲಿ ಹಾಕಿಸಿದೆ" ಎಂದರು.

ಸಮುದ್ರ ನೋಡಿಯಾಯಿತು. ಆಮೇಲೆ ಅಕ್ಕನಿಗೆ ಚಳಿ ಬೇಕಾಯಿತು. ಶಾಲು ಹೊದ್ದು ಕೂರುವಂಥ ಚಳಿ. ಕ್ಯಾಮರಾನ್ ಹೈಲ್ಯಾಂಡ್ಸಿಗೆ ಹೋಗುವುದೆಂದಾಯಿತು. ಬೆಟ್ಟದ ಮೇಲೆ ಉಸಿರಿಗೆ ಕಷ್ಟವಾದೀತು ಎಂದು ಒಂದು ಸಣ್ಣ ಸಿಲಿಂಡರನ್ನೂ ಇಟ್ಟುಕೊಂಡರು. ಸಾಲದ್ದಕ್ಕೆ ಹಿಂದೆ ನನ್ನ ಕಾರು.

ಬೆಟ್ಟದ ಬುಡದ ತಾಪಾ ಎಂಬ ಊರಿನಲ್ಲಿ ಮೇಷ್ಟ್ರು ಗಾಡಿಯನ್ನು ಪೆಟ್ರೋಲ್ ಪಂಪಿಗೆ ತಿರುಗಿಸಿದರು. ಕರಾವಳಿಯವರ ಅಭ್ಯಾಸ ಅದು, ಆಗುಂಬೆಯಾಗಲಿ ಶಿರಾಡಿಯಾಗಲಿ, ಟ್ಯಾಂಕ್ ತುಂಬಿಸದೆ ಘಾಟಿ ಹತ್ತುವುದಿಲ್ಲ. "ಮೇಲೆ ಎಂತ ಸಿಕ್ತದೋ ಇಲ್ವೋ" ಎಂದು ಕಂಠಮಟ್ಟ ಡೀಸೆಲ್ ಹಾಕಿಸಿದರು. ಗಾಡಿಗೂ ಜನರೇಟರಿಗೂ ಅದೊಂದೇ ಟ್ಯಾಂಕು.

ರಾತ್ರಿ ಬೆಟ್ಟದ ಮೇಲೆ, ಕ್ಯಾಂಪಿನ ಕರೆಂಟಿನಲ್ಲಿ ಕಳೆಯಿತು. ಬೆಳಕು ಹರಿಯುವಾಗ ಅದು ಹೋಯಿತು. ಮೇಷ್ಟ್ರು ಅಕ್ಕನಿಗೆ ಸಿಲಿಂಡರ್ ಸಿಕ್ಕಿಸಿ ಜನರೇಟರಿನ ಗುಂಡಿ ಒತ್ತಿದರು. ಅದು ಕರ್ ಕರ್ ಎಂದು ತಿರುಗಿತು, ಹತ್ತಿಕೊಳ್ಳಲಿಲ್ಲ. ಮತ್ತೆ ಒತ್ತಿದರು. ಬ್ಯಾಟರಿ ಎಂದರು, ನನ್ನ ಕಾರಿನಿಂದ ಕೇಬಲ್ ಎಳೆದೆವು. ಹೀಟರ್ ಪ್ಲಗ್ ಎಂದರು, ಅದೂ ಸರಿಯಿತ್ತು. ಗಾಡಿಯ ಇಂಜಿನ್ನನ್ನೇ ಚಾಲೂ ಮಾಡಹೋದರೆ ಅದು ಎರಡು ಸಲ ಕೆಮ್ಮಿ ನಿಂತಿತು. ಅವರು ಗಾಡಿಯ ಸುತ್ತ ಸುತ್ತುತ್ತಿದ್ದರು, ನಾನು ಅವರ ಹಿಂದೆ. ಸಿಲಿಂಡರಿನ ಮುಳ್ಳು ಇಳಿಯುತ್ತಿತ್ತು.

"ಮೇಷ್ಟ್ರೇ, ಸಾಕು. ಅಕ್ಕನ್ನ ನನ್ನ ಕಾರಲ್ಲಿ ಕೂರಿಸಿ, ಊರೊಳಗಿನ ಆಸ್ಪತ್ರೆಗೆ ಹೋಗ್ಬಿಡೋಣ" ಎಂದೆ.

ಒಳಗಿಂದ ಅಕ್ಕ ಬಿಟ್ಟು ಬಿಟ್ಟು ಹೇಳಿದರು: "ಹೋಗುವಾ. ಆದ್ರೆ ಆಸ್ಪತ್ರೆಗೆ ಹೋದದ್ದು ಮಗನಿಗೆ ಗೊತ್ತಾದ್ರೆ... ಮತ್ತೆ ನನ್ನ ತಿರುಗಾಟ ಮುಗೀತು. ಬಾಲ್ಕನಿಯೇ ಗತಿ." ಸ್ವಲ್ಪ ಸುಧಾರಿಸಿಕೊಂಡು, "ಹೋಗುದಾದ್ರೆ ತಲೆ ಬಾಚಿ. ಹೀಗೆ ಬರುದಿಲ್ಲ ನಾನು" ಎಂದರು.

ಕೈ ಎತ್ತಿದರೆ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದವರು ಮೇಷ್ಟ್ರೇ. ಆ ಗಡಿಬಿಡಿಯಲ್ಲೂ ಕೈ ತೊಳೆದು ಬಂದು ಅಕ್ಕನ ಹಿಂದೆ ಕೂತರು. ಮೊಣಕಾಲು ಅಲುಗಿಸದೆ ಅವರು ಕೂತದ್ದನ್ನು ನಾನು ಕಂಡದ್ದು ಅಲ್ಲಿ ಮಾತ್ರ. ತೆಂಗಿನೆಣ್ಣೆಯ ಬಾಟಲಿಯನ್ನು ಅಂಗೈಗೆ ಬಗ್ಗಿಸಿದರು. ಬೀಳಲಿಲ್ಲ. ಕುಲುಕಿದರು. ಎಣ್ಣೆ ಬೆಳ್ಳಗೆ ಕಲ್ಲಾಗಿತ್ತು.

ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಎದ್ದು ಹೊರಗೆ ಓಡಿದರು, ನಾನೂ ಓಡಿದೆ. ಡೀಸೆಲ್ ಫಿಲ್ಟರಿನ ಕೆಳಗಿನ ಗಾಜಿನ ಬಟ್ಟಲಿನಲ್ಲಿ ಡೀಸೆಲ್ ಅಕ್ಕಿ ತೊಳೆದ ನೀರಿನಂತೆ ಕದಡಿತ್ತು.

"ಈ ದೇಶದ ಡೀಸೆಲಿಗೆ ತಾಳೆ ಎಣ್ಣೆ ಬೆರೆಸ್ತಾರೆ. ಬೆಟ್ಟದ ಮೇಲಿನ ಪಂಪಿನದ್ರಲ್ಲಿ ಕಮ್ಮಿಯಂತೆ, ಪೇಪರಲ್ಲಿ ಓದಿದ್ದೆ. ಕೆಳಗೆ ತುಂಬಿಸಿದೆನಲ್ಲ ಮಾರಾಯ್ತಿ, ಘಾಟಿ ಘಾಟಿ ಅಂತ. ಚಳಿಗೆ ಹೆಪ್ಪುಗಟ್ಟಿದೆ. ನೀರು ಕಾಯಿಸು."

ಗ್ಯಾಸ್ ಒಲೆಯಲ್ಲಿ ನೀರಿಟ್ಟೆ. ಬಿಸಿನೀರಿನಲ್ಲಿ ಅದ್ದಿದ ಟವೆಲ್ಲುಗಳನ್ನು ಫಿಲ್ಟರಿಗೂ ಪೈಪಿಗೂ ಸುತ್ತಿದೆವು, ತಣ್ಣಗಾದಂತೆ ಬದಲಿಸಿದೆವು. ಅಂಗೈ ಕೆಂಪಾಯಿತು. ಗಾಜಿನ ಬಟ್ಟಲು ನಿಧಾನವಾಗಿ ತಿಳಿಯಾಯಿತು. ಮೇಷ್ಟ್ರು ಗುಂಡಿ ಒತ್ತಿದರು. ಜನರೇಟರ್ ಬಿಳಿ ಹೊಗೆ ಕಾರಿ, ತೊದಲಿ, ಕೊನೆಗೆ ಹತ್ತಿಕೊಂಡಿತು. ಒಳಗೆ ಆಕ್ಸಿಜನ್ ಮೆಷಿನ್ ಪೀಂ ಎಂದು ಎಚ್ಚರವಾಯಿತು. ಅಷ್ಟು ಕೆಟ್ಟ ಸದ್ದು ಅಷ್ಟು ಹಿತವಾಗಿ ಕೇಳಿದ್ದು ನನಗೆ ಮತ್ತೆಂದೂ ಇಲ್ಲ.

ಅಕ್ಕ ಜಡೆ ಹಾಕಿಸಿಕೊಂಡು, ಶಾಲು ಹೊದ್ದು, ಮಧ್ಯಾಹ್ನದವರೆಗೆ ಟೀ ತೋಟದ ಎದುರು ಕೂತರು. ಮೇಷ್ಟ್ರು ಅವರ ಸುತ್ತ ನಡೆಯುತ್ತಲೇ ಇದ್ದರು. ಆಮೇಲೆಯೂ ಎಷ್ಟೋ ಊರು ಸುತ್ತಿದರು. ಬೆಟ್ಟಕ್ಕೂ ಹೋದರು.

ಹೋಗಬೇಕಾದವರು ಅಕ್ಕ ಎಂದು ನಾವೆಲ್ಲ ಒಳಗೊಳಗೇ ಅಂದುಕೊಂಡಿದ್ದೆವು. ಹೋದವರು ಮೇಷ್ಟ್ರು. ಕಳೆದ ವರ್ಷ ಕಾಂಡೋದ ಕಾರಿಡಾರಿನಲ್ಲಿ ಫೋನು ಹಿಡಿದು ಅತ್ತಿಂದಿತ್ತ ನಡೆಯುತ್ತಿದ್ದವರು ಕುಸಿದರು, ಏಳಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಮಗ ಗಾಡಿ ಮಾರುವ ಮಾತೆತ್ತಿದ. ಅಕ್ಕ ಅವನಿಗೆ ಉತ್ತರ ಕೊಡದೆ ನನ್ನನ್ನು ಕರೆಸಿದರು. "ನಿಂಗೆ ಓಡಿಸ್ಲಿಕ್ಕೆ ಬರ್ತದಾ?" ನನಗೆ ಬರುತ್ತಿರಲಿಲ್ಲ. ಕಲಿತೆ. ಆ ಮನುಷ್ಯನ ಋಣವನ್ನು ಬೇರೆ ಯಾವ ರೀತಿ ತೀರಿಸುವುದೋ ನನಗೆ ತಿಳಿಯಲಿಲ್ಲ.

ಮೊದಲ ಸಲ ಸಮುದ್ರದಂಡೆಯ ಪೋರ್ಟ್ ಡಿಕ್ಸನ್ನಿಗೆ ಹೊರಟೆವು. ಹೈವೇಗೆ ಬಂದ ಮೇಲೆ ಲಾರಿಗಳ ನಡುವೆ ನನ್ನ ಜೀವ ಬಾಯಿಗೆ ಬಂದಿತ್ತು, ಆ ಭಯಕ್ಕೇ ವೇಗ ಹೆಚ್ಚಾಗಿತ್ತು. ಪಕ್ಕದ ಸೀಟಿನಲ್ಲಿದ್ದ ಅಕ್ಕ ಹೊರಗೆ ನೋಡುತ್ತಲೇ, "ಇವ್ರೇ, ಸ್ವಲ್ಪ ನಿಧಾನ ಹೋಗಿ" ಎಂದರು.

ನನಗೆ ರಸ್ತೆ ಮಂಜಾಯಿತು. ಗಾಡಿಯನ್ನು ಬದಿಗೆ ತೆಗೆದುಕೊಳ್ಳಲು ಇಂಡಿಕೇಟರ್ ಹಾಕಿದೆ. ಅಕ್ಕ ನನ್ನ ತೋಳಿನ ಮೇಲೆ ಕೈಯಿಟ್ಟರು.

"ನಿಲ್ಲಿಸ್ಬೇಡ" ಎಂದರು. "ಓಡಿಸ್ತಾ ಅಳು."