ಎಡಗೈಯ ಎಂಟು ಸುತ್ತು

ಈಗ ಅಂಗಡಿಗಳಲ್ಲಿ ಸಿಗುವ ಉಲ್ಲನ್ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೆಸರಿಗೆ ಉಲ್ಲನ್, ಮುಟ್ಟಿದರೆ ಪ್ಲಾಸ್ಟಿಕ್ಕು. ಕಡ್ಡಿಯ ಮೇಲೆ ಕಿರಕಿರ ಅನ್ನುತ್ತದೆ, ಬೆವರಿದ ಬೆರಳಿಗೆ ಅಂಟಿಕೊಳ್ಳುತ್ತದೆ, ಒಂದು ಸಲ ಒಗೆದರೆ ಮೇಲೆಲ್ಲ ಗಂಟು ಗಂಟಾಗಿ ಏಳುತ್ತದೆ. ಇಂಥದ್ದನ್ನು ತರಲು ನಾನು ಮದ್ದೂರಿನಿಂದ ಮಂಡ್ಯಕ್ಕೆ ಬಸ್ಸಿನಲ್ಲಿ ನಿಂತುಕೊಂಡು ಹೋಗಬೇಕು. ಅಂಗಡಿಯವನು ಫೋನಿನಿಂದ ತಲೆ ಎತ್ತುವುದಿಲ್ಲ. ತಿಳಿಹಳದಿ ಕೇಳಿದರೆ ಗಿಳಿಹಸಿರು ಎಸೆಯುತ್ತಾನೆ. ಆದರೂ ತಿಂಗಳಿಗೊಂದು ಸಲ ಹೋಗುತ್ತೇನೆ, ಬೈದುಕೊಂಡೇ ಹೊತ್ತು ತರುತ್ತೇನೆ.

ಈ ಸೆಕೆಯ ಸೀಮೆಯಲ್ಲಿ ಉಲ್ಲನ್ ಟೋಪಿ ಯಾರಿಗೆ ಬೇಕು ಅಂತ ಕೇಳಬೇಡಿ, ಎಲ್ಲರಿಗೂ ಬೇಕು. ಮಗು ಹುಟ್ಟಿದ ಮನೆಯವರು ಏಪ್ರಿಲ್ ಬಿಸಿಲಲ್ಲೂ ಅದರ ಕಿವಿ ಮುಚ್ಚಿ, ಗಲ್ಲದ ಕೆಳಗೆ ಲಾಡಿ ಬಿಗಿಯುತ್ತಾರೆ. ಅದು ಕೆಂಪಗಾಗಿ ಕಿರುಚಿದರೆ ದೃಷ್ಟಿಯಾಯಿತು ಅಂತ ಮೆಣಸಿನಕಾಯಿ ನೀವಾಳಿಸುತ್ತಾರೆ. ಎರಡು ದಿನ ಊಟಿಗೆ ಹೋಗುವ ಗಂಡಸರು ಹೊರಡುವ ಹಿಂದಿನ ದಿನ ಬಂದು ಮಂಕಿ ಕ್ಯಾಪು ಬೇಕು ಅಂತ ನಿಲ್ಲುತ್ತಾರೆ. ಒಬ್ಬಳಂತೂ ನಾನು ಒಂಬತ್ತು ದಿನ ಕೂತು ಹೆಣೆದದ್ದನ್ನು ಮುತ್ತತ್ತಿಯ ಹೊಳೆದಂಡೆಯಲ್ಲಿ ಊಟದೆಲೆಗಳ ಜೊತೆ ಬಿಟ್ಟು ಬಂದು, ವಾರ ಕಳೆಯುವುದರೊಳಗೆ ನಮ್ಮ ಜಗಲಿ ಹತ್ತಿದಳು. "ಸುಮ್ನೆ ಕುಂತಿರ್ತೀರಲ್ಲಕ್ಕ, ಇನ್ನೊಂದ್ ಹೆಣ್ಕೊಡಿ" ಅಂದಳು. ಸುಮ್ಮನೆ ಕೂತಿರುತ್ತೇನಂತೆ! ಆ ಮಾತು ಕೇಳಿದಾಗೆಲ್ಲ ನನಗೆ ವಾಕರಿಕೆ ಬರುತ್ತದೆ. ಕೊನೆಗೆ ಹೆಣೆದೂ ಕೊಡುತ್ತೇನೆ.

ಹೀಗೆ ಊರಿನವರನ್ನೆಲ್ಲ ಮನಸ್ಸಿನಲ್ಲೇ ಬೈಯುತ್ತಾ, ಅವರೆಲ್ಲರಿಗಿಂತ ನಾನು ಒಂದು ಕೈ ಮೇಲು ಅಂತ ಬಹಳ ವರ್ಷ ನಂಬಿಕೊಂಡಿದ್ದೆ. ಆ ನಂಬಿಕೆ ಹೋದದ್ದು ಒಂದೇ ಒಂದು ಟೋಪಿಯಿಂದ.

ಎರಡು ಕಡ್ಡಿಯ ಹೆಣಿಗೆ ನನಗೆ ಮದುವೆಗೆ ಮುಂಚೆಯೇ ಬರುತ್ತಿತ್ತು. ಕೊಕ್ಕೆಯಿರುವ ಒಂದೇ ಕಡ್ಡಿಯ ಕ್ರೋಶ ಕಲಿಸಿದವಳು ಎದುರು ಮನೆಯವಳು. ಅವಳ ಗಂಡ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿ ಓಡಿಸುವ ಮೆಕ್ಯಾನಿಕ್ಕು. ಆತಗೂರಿನಿಂದ ಮಳವಳ್ಳಿಯವರೆಗೆ ಎಲ್ಲರೂ ಅವರನ್ನು ಸಾಬ್ರು ಅಂತಲೇ ಕರೆಯುತ್ತಾರೆ. ನಮ್ಮ ಯಜಮಾನರು ಬೆಳಿಗ್ಗೆ ತೋಟಕ್ಕೆ ಹೋದರೆ ಬರುವುದು ಸಂಜೆಗೆ. ಹಾಗಾಗಿ ಇಪ್ಪತ್ತು ವರ್ಷದಿಂದ ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ ಅವಳು ರಸ್ತೆ ದಾಟಿ ನಮ್ಮ ಜಗಲಿಗೆ ಬರುವುದು, ಇಬ್ಬರೂ ದಾರ ಹಿಡಿದು ಕೂರುವುದು. ಅವಳು ಎಡಗೈಯವಳು. ಪಕ್ಕದಲ್ಲಿ ಕೂತು ನೋಡಿದರೆ ನನಗೆ ಒಂದೂ ಅರ್ಥವಾಗುತ್ತಿರಲಿಲ್ಲ. ಎದುರಿಗೆ ಕೂತೆ, ಕನ್ನಡಿಯಲ್ಲಿ ನೋಡಿಕೊಂಡಂತೆ ಕಲಿತುಬಿಟ್ಟೆ.

ಸಾಬ್ರು ಅಂಗಡಿಯಿಂದ ಕೊಂಡ ಟೋಪಿ ಹಾಕಿದ್ದನ್ನು ನಾನು ನೋಡಿಲ್ಲ. ಪ್ರತಿ ವರ್ಷ ರಂಜಾನಿಗೆ ಮುಂಚೆ ಅವಳು ಬಿಳಿ ಹತ್ತಿ ದಾರದಲ್ಲಿ ಒಂದು ಟೋಪಿ ಹೆಣೆಯುತ್ತಿದ್ದಳು, ನಮಾಜಿಗೆ ಹೋಗುವಾಗ ಅವರ ತಲೆಯ ಮೇಲೆ ಅದೇ. ಎರಡು ವರ್ಷದ ಹಿಂದೆ ನಮ್ಮ ಬೀದಿಯಲ್ಲಿ ಮನೆ ಮನೆಗೂ ಚಿಕೂನ್‌ಗುನ್ಯ ಬಂತು. ಎಲ್ಲರೂ ಎದ್ದರು, ಅವಳ ಬೆರಳು ಏಳಲಿಲ್ಲ. ಗೆಣ್ಣುಗಳು ಊದಿ, ಲೋಟ ಹಿಡಿಯುವುದಕ್ಕೂ ಎರಡು ಕೈ ಬೇಕಾಯಿತು, ಮಂಡಿ ಮಡಿಸಲು ಆಗದಾಯಿತು. ಅದೇ ಹೊತ್ತಿಗೆ ಸಾಬ್ರ ತಮ್ಮಂದಿರು ಉಮ್ರಾಕ್ಕೆ, ಅಂದರೆ ಮೆಕ್ಕಾ ಮದೀನಾ ಯಾತ್ರೆಗೆ, ಅಣ್ಣ ಅತ್ತಿಗೆಯನ್ನು ಕರೆದುಕೊಂಡು ಹೋಗುತ್ತೇವೆ ಅಂದರು. ಅಷ್ಟು ನಡೆಯುವುದು ಬೇಡ ಅಂತ ಡಾಕ್ಟರು ಅವಳಿಗೆ ಹೇಳಿಬಿಟ್ಟರು. ಸಾಬ್ರು ಒಬ್ಬರೇ ಹೋಗುವುದು ಅಂತ ತೀರ್ಮಾನವಾಯಿತು.

ಒಂದು ದಿನ ಅವಳು ಪ್ಲಾಸ್ಟಿಕ್ ಕವರಿನಿಂದ ಒಂದು ಬಿಳಿ ಬಿಲ್ಲೆ ತೆಗೆದು ನನ್ನ ಮಡಿಲಿಗೆ ಹಾಕಿದಳು. ಟೋಪಿಯ ನೆತ್ತಿ, ಎಂಟು ಸುತ್ತು. ದಿನಕ್ಕೊಂದು ಸುತ್ತೂ ಆಗದೆ, ಒಂದು ತಿಂಗಳು ಹಲ್ಲು ಕಚ್ಚಿಕೊಂಡು ಹೆಣೆದಿದ್ದಳು.

"ಇನ್ನಾಗಕಿಲ್ಲ ಕಣಕ್ಕ. ಇಲ್ಲಿಂದ ಕೆಳೀಕೆ ನೀನೇ ಮುಗ್ಸ್‌ಕೊಡು" ಅಂದಳು. "ನಂಗಂತೂ ಓಗಾಕಾಗ್ಲಿಲ್ಲ. ನನ್ನ ಕೈಕೆಲ್ಸನಾರ ಅವರ ತಲೆ ಮ್ಯಾಲೆ ಕುಂತ್ಕಂಡು ಓಗ್ಲಿ."

ಮುಗಿಸಿಕೊಡ್ತೀನಿ ಅಂದೆ. ಎಡಗೈಯವರ ಹೆಣಿಗೆಯ ಸುತ್ತು ನಮ್ಮದಕ್ಕೆ ತಿರುಗುಮುರುಗಾಗಿ ಓಡುತ್ತದೆ. ನಾನು ಮುಂದುವರಿಸಬೇಕಾದರೆ ಬಿಲ್ಲೆಯನ್ನು ಮಗುಚಿ ಹಿಡಿಯಬೇಕು. ಹಾಗೆ ಮಗುಚಿ ಒಂಬತ್ತನೆಯ ಸುತ್ತು ಹೆಣೆದಾಗ ಅವಳ ಕೈ ಮುಗಿದು ನನ್ನ ಕೈ ಶುರುವಾದ ಕಡೆ ಒಂದು ಸಣ್ಣ ಏಣು ಎದ್ದಿತು. ಅವಳು ಅದರ ಮೇಲೆ ಹೆಬ್ಬೆರಳು ಆಡಿಸಿ, "ನಾವಿಬ್ರೂ ಇದ್ದೀವಿ ಇಲ್ಲಿ" ಅಂತ ನಕ್ಕಳು.

ಮರುದಿನ ಅವಳು ಡಾಕ್ಟರಿಗೆ ಕೈ ತೋರಿಸಲು ಮಂಡ್ಯಕ್ಕೆ ಹೋಗಿದ್ದಳು. ನಾನು ಒಬ್ಬಳೇ ಜಗಲಿಯಲ್ಲಿ ಹೆಣೆಯುತ್ತಿದ್ದೆ. ಮಳವಳ್ಳಿಯಿಂದ ನನ್ನ ವಾರಗಿತ್ತಿ, ಯಜಮಾನರ ಅಣ್ಣನ ಹೆಂಡತಿ, ಮಗಳ ಜೊತೆ ಬಂದಿಳಿದಳು. ಮಗಳ ಕೂಸಿಗೆ ಮೂರು ತಿಂಗಳು, ನಾಮಕರಣಕ್ಕೆ ಕರೆಯಲು ಕುಂಕುಮದ ಬಟ್ಟಲು ಹಿಡಿದು ಬಂದಿದ್ದರು. ಈ ವಾರಗಿತ್ತಿಯ ಬಗ್ಗೆ ಹೇಳುವುದಕ್ಕೂ ನನಗೆ ಅಸಹ್ಯ. ಬೆಳಿಗ್ಗೆ ಎದ್ದರೆ ಫೋನಿನಲ್ಲಿ ಬಂದ ದ್ವೇಷದ ವಿಡಿಯೋಗಳನ್ನು ಕಂಡವರಿಗೆಲ್ಲ ಕಳಿಸುವುದೇ ಅವಳಿಗೆ ಪೂಜೆ. ಅವಳ ತೋಟದ ಮೋಟಾರು ಸುಟ್ಟರೆ ಮಾತ್ರ ಎದುರು ಮನೆ ಸಾಬ್ರೇ ಬರಬೇಕು; ಬೇರೆ ಯಾರು ಸುತ್ತಿದರೂ ನಿಲ್ಲುವುದಿಲ್ಲವಂತೆ.

ಅವಳು ಕೂರುವ ಮೊದಲೇ ನನ್ನ ಕೈ ನೋಡಿದಳು. "ಇದ್ಯಾವುದೇ ಇದು? ಅವರ್ ಟೋಪಿ ಇದ್ದಂಗದೆ! ಅವ್ರಿಗೆ ಟೋಪಿ ಹೆಣ್ಕೊಡಾ ಮಟ್ಟಕ್ ಬಂದ್ಬುಟ್ಯಾ?"

ಹೌದು, ಸಾಬ್ರಿಗೆ, ಏನೀಗ? ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಹೆಚ್ಚೆಂದರೆ ಅವಳು ಮಳವಳ್ಳಿಯ ನೆಂಟರ ಮನೆಗಳಲ್ಲಿ ನನ್ನ ಮಾನ ಕಳೆಯುತ್ತಿದ್ದಳು. ಎಲ್ಲರ ಮುಖಕ್ಕೂ ಹೊಡೆದಂತೆ ಮಾತಾಡುವವಳು ಅಂತ ಹೆಸರು ಪಡೆದ ನಾನು ಏನು ಹೇಳಿದೆ ಗೊತ್ತೆ?

"ಇಲ್ಲ ಕಣಕ್ಕ, ನಿನ್ ಮೊಮ್ಮಗೀಗೆ ಅಂತವ ಶುರು ಮಾಡಿದ್ದೆ" ಅಂದೆ.

ಅವಳ ಮುಖ ಅರಳಿತು. "ಅಂಗನ್ನು ಮತ್ತೆ! ಅಂಗಾರೆ ಮುಗ್ಸ್‌ಬುಡು, ತಕ್ಕಂಡೇ ಓಯ್ತೀನಿ" ಅಂತ ಕಾಲು ಚಾಚಿ ಕೂತಳು. ನಾನು ಇನ್ನೊಂದು ದಿನ ಕಳಿಸ್ತೀನಿ ಅಂದೆ, ದಾರ ಸಾಲದು ಅಂದೆ. ಮಗಳು ಚೀಲ ಇಣುಕಿ, "ಇಷ್ಟೊಂದ್ ಅದಲ್ಲ ಚಿಕ್ಕಮ್ಮ" ಅಂದಳು.

ನೆತ್ತಿಯನ್ನು ಇನ್ನೆರಡು ಸುತ್ತು ಅಗಲಿಸಿದ್ದರೆ ಅದು ಗಂಡಸಿನ ತಲೆಗೆ ಆಗುತ್ತಿತ್ತು. ಅಲ್ಲಿಂದಲೇ ಕೆಳಗಿಳಿಸಿದರೆ ಮಗುವಿನ ತಲೆಗೆ. ಕೆಳಗಿಳಿಸಿದೆ. ಅವರಿಬ್ಬರೂ ನನ್ನ ಕೋಡುಬಳೆ ಕಡಿಯುತ್ತಾ, ಸಂಬಂಧಿಕರ ಮನೆಯ ಸೊಸೆಯಂದಿರನ್ನು ಹಂಗಿಸುತ್ತಾ ಕೂತಿದ್ದರು. ನಾನು ತಲೆ ತಗ್ಗಿಸಿ ಒಂದೊಂದೇ ಕುಣಿಕೆ ಎಳೆಯುತ್ತಿದ್ದೆ. ಪ್ರತಿ ಕುಣಿಕೆಯಲ್ಲೂ ನಿಲ್ಲಿಸಬಹುದಿತ್ತು. ಸಾಲದ್ದಕ್ಕೆ, ಯಾರಿಗೂ ಅನುಮಾನ ಬರದಿರಲಿ ಅಂತ ಅಂಚಿಗೆ ಗುಲಾಬಿ ಉಲ್ಲನ್ ಕಟ್ಟಿ, ಮೇಲೊಂದು ಗೊಂಡೆಯನ್ನೂ ಹೊಲಿದೆ. ಆ ಗೊಂಡೆಯನ್ನು ಯಾರೂ ಕೇಳಿರಲಿಲ್ಲ, ನಾನೇ ಮಾಡಿದ್ದು.

ಬಸ್ಸು ಹತ್ತುವಾಗ ವಾರಗಿತ್ತಿ, "ಆ ಎದ್ರು ಮನೆಯವಳ್ನ ಜಾಸ್ತಿ ಒಳೀಕೆ ಬುಟ್ಕಬ್ಯಾಡ" ಅಂತ ಬುದ್ಧಿಯನ್ನೂ ಹೇಳಿಹೋದಳು. ನಾನು ಆಯ್ತಕ್ಕ ಅಂದೆ.

ನಾಮಕರಣದ ದಿನ ಮಳವಳ್ಳಿಯ ಆ ಮನೆಯಲ್ಲಿ ನೂರು ಜನರ ಮಧ್ಯೆ ನನ್ನ ಕಣ್ಣು ಹುಡುಕಿದ್ದು ಟೋಪಿಯನ್ನೇ. ಕೂಸಿಗೆ ಅದು ದೊಡ್ಡದಾಗಿ ಕಣ್ಣಿನವರೆಗೆ ಇಳಿದಿತ್ತು. ಕೂಸು ಹಾಲು ಕಕ್ಕಿತು. ಎತ್ತಿಕೊಂಡಿದ್ದವಳು ಟೋಪಿ ಕಿತ್ತು ಅದರಲ್ಲೇ ಕೂಸಿನ ಬಾಯಿ ಒರೆಸಿದಳು, ಆಮೇಲೆ ಚಾಪೆಯ ಮೇಲೆ ಚೆಲ್ಲಿದ ಪಾಯಸವನ್ನೂ ಒರೆಸಿ, ಬಚ್ಚಲಿನ ಬಕೆಟ್ಟಿಗೆ ಎಸೆದಳು. ನಾನು ಕೈ ತೊಳೆಯುವ ನೆಪದಲ್ಲಿ ಹಿಂದೆಯೇ ಹೋದೆ. ಹುಳಿವಾಸನೆಯ ಬಟ್ಟೆಗಳ ಮಧ್ಯದಿಂದ ಅದನ್ನು ಎತ್ತಿದೆ. ಕೆಳಗಿನದ್ದನ್ನೆಲ್ಲ ಬಿಚ್ಚಿ, ಒಗೆದರೆ, ಅವಳ ಎಂಟು ಸುತ್ತು ಹಾಗೇ ಉಳಿಯುತ್ತಿತ್ತು. ಸೀರೆಯ ಮಡಿಕೆಗೆ ಸಿಕ್ಕಿಸಿಕೊಂಡರೆ ಸಾಕಿತ್ತು.

"ಏನ್ ಉಡುಕ್ತಾ ಇದ್ದೀಯೆ?" ಅಂತ ವಾರಗಿತ್ತಿ ಬಾಗಿಲಿಗೆ ಬಂದಳು.

"ಸೋಪು ಕಣಕ್ಕ" ಅಂದೆ. ಟೋಪಿ ಮತ್ತೆ ಬಕೆಟ್ಟಿಗೆ ಬಿತ್ತು. ಹೊರಗೆ ಬಂದು ಎಲೆಯ ಮುಂದೆ ಕೂತು ಒಬ್ಬಟ್ಟು ತಿಂದೆ, ಎರಡನೆಯ ಸಲ ಬಡಿಸಿದಾಗ ಬೇಡ ಅನ್ನಲಿಲ್ಲ.

ಸಾಬ್ರು ಹೊರಡಲು ನಾಲ್ಕು ದಿನ ಉಳಿದಿತ್ತು. ಎದುರು ಮನೆಯವಳು ಕೇಳಿದಾಗೆಲ್ಲ ಆಗ್ತಾ ಅದೆ, ಆಗ್ತಾ ಅದೆ ಅಂದೆ. ತಲೆನೋವು ಅಂತ ಹೇಳಿ ಮಧ್ಯಾಹ್ನದ ಬಾಗಿಲು ಹಾಕಿಕೊಂಡು ಇನ್ನೊಂದು ಟೋಪಿಯನ್ನು ಮೊದಲಿನಿಂದ ಹೆಣೆದೆ. ಅದೇ ದಾರ, ಅದೇ ಜಾಲರಿ. ನೆತ್ತಿಯ ನಡುವೆ ಅವಳು ಬಿಡುತ್ತಿದ್ದ ಮೆಣಸಿನ ಕಾಳಿನಷ್ಟು ತೂತನ್ನೂ ಬಿಟ್ಟೆ. ನನ್ನ ಕೈ ಸಡಿಲ, ಅವಳದು ಬಿಗಿ. ಅದಕ್ಕಾಗಿ ಎಂಟು ಸುತ್ತನ್ನು ಬೆರಳು ನೋಯುವಷ್ಟು ಬಿಗಿಯಾಗಿ ಎಳೆದೆ. ಇಷ್ಟು ಅಚ್ಚುಕಟ್ಟಾಗಿ ನಾನು ಯಾವತ್ತೂ ಹೆಣೆದಿರಲಿಲ್ಲ. ಒಳ್ಳೆ ಕಳ್ಳಿ ನಾನು ಅಂತ ಒಂದು ಕ್ಷಣ ಹೆಮ್ಮೆಯೂ ಆಯಿತು, ಅದನ್ನು ನೆನೆದರೆ ಈಗ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸುತ್ತದೆ.

ಹೊರಡುವ ಹಿಂದಿನ ದಿನ ಕೊಟ್ಟೆ. ಅವಳು ಎರಡೂ ಕೈಯಲ್ಲಿ ಹಿಡಿದು ಚೆನ್ನಾಗದೆ ಅಂದಳು. ಆಮೇಲೆ ಹೆಬ್ಬೆರಳನ್ನು ನೆತ್ತಿಯಿಂದ ಕೆಳಕ್ಕೆ ಎಳೆಯುತ್ತಾ ಬಂದಳು. ಎಂಟನೆಯ ಸುತ್ತು ದಾಟಿತು, ಒಂಬತ್ತು ದಾಟಿತು. ಬೆರಳಿಗೆ ಆ ಏಣು ಎಲ್ಲೂ ತಡೆಯಲಿಲ್ಲ. ಆಗಲೇ ನನಗೆ ಹೊಳೆದದ್ದು: ಆತುರದಲ್ಲಿ ನಾನು ಮಗುಚದೆಯೇ ಹೆಣೆದಿದ್ದೆ, ಸುತ್ತೆಲ್ಲವೂ ಒಂದೇ ದಿಕ್ಕಿಗೆ ಓಡಿತ್ತು. ನನ್ನ ದಿಕ್ಕಿಗೆ.

ಅವಳು ತಲೆ ಎತ್ತಿದಳು. "ನಂದೆಲ್ಲಿ ಓಯ್ತಕ್ಕ?"

"ಬಿಚ್ಚೋಯ್ತು ಕಣೆ. ಇಲಿ ಎಳೆದ್ಬುಟ್ಟಿತ್ತು. ಅದ್ಕೆ ಮತ್ತೆ ಮೊದ್ಲಿಂದ ಹೆಣ್ದೆ."

"ಬಿಚ್ಚಿದ್ ದಾರ ಕೊಡು ಅಂಗಾರೆ."

ಮೂವತ್ತು ವರ್ಷ ದಾರ ಹಿಡಿದವಳು ಮೊಳದುದ್ದದ ತುಂಡನ್ನೂ ಎಸೆಯುವುದಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಅಲ್ಲಾದರೂ ನಿಜ ಹೇಳಬಹುದಿತ್ತು. "ಕಸದ್ ಗಾಡಿಗೆ ಆಕ್ಬುಟ್ಟೆ" ಅಂದೆ.

ಅವಳು ಟೋಪಿಯನ್ನು ಮಡಿಸಿ ಕವರಿಗೆ ಹಾಕಿಕೊಂಡು, ಮಂಡಿ ಹಿಡಿದು ಎದ್ದು, ರಸ್ತೆ ದಾಟಿದಳು.

ಇಪ್ಪತ್ತು ದಿನ ಕಳೆದು ಸಾಬ್ರು ವಾಪಸ್ ಬಂದರು. ಮರುದಿನ ಸಂಜೆ ಗಂಡ ಹೆಂಡತಿ ಇಬ್ಬರೂ ಒಂದು ಡಬ್ಬಿ ಖರ್ಜೂರ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಸಾಬ್ರ ತಲೆಯ ಮೇಲೆ ಆ ಟೋಪಿಯೇ ಇತ್ತು. ಯಜಮಾನರು ಪ್ರಯಾಣದ ಬಗ್ಗೆ ಕೇಳಿದರು, ಅವರು ವಿಮಾನ, ಜನ, ಬಿಸಿಲು ಎಲ್ಲ ಹೇಳಿದರು. ಕೊನೆಗೆ ನನ್ನ ಕಡೆ ತಿರುಗಿದರು.

"ಮೆಕ್ಕಾದಲ್ಲಿ ಆ ಬಿಳೀ ಬಟ್ಟೆ ಉಟ್ಟಿರೋವಾಗ ತಲೆ ಮ್ಯಾಲೆ ಏನೂ ಮಡಗಂಗಿಲ್ಲ ಕಣಮ್ಮ. ಮದೀನಾದಲ್ಲಿ ಮಾತ್ರ ದಿನಾ ಇದ್ನೇ ಆಕ್ಕಂಡಿದ್ದೆ. ಒಂದ್ ದಿನ ತೆಗ್ದು ಕೈಯಲ್ಲಿ ಇಡ್ಕಂಡು, ಬಾ, ನೀನೂ ನೋಡು ಅಂದೆ. ಇದ್ರಲ್ಲಿ ಇವಳ ಕೈ ಅದಲ್ಲ, ಇವಳೂ ನಂಜೊತೇಲಿ ಬಂದಂಗೇ ಆಯ್ತು. ನೀವು ಮುಗ್ಸ್‌ಕೊಡ್ದಿದ್ರೆ ಎಲ್ಲಾಯ್ತಿತ್ತು?" ಅಷ್ಟು ವಯಸ್ಸಿನ ಮನುಷ್ಯ, ಕಣ್ಣು ಒರೆಸಿಕೊಂಡರು.

ಅವಳು ಗಂಡನ ಪಕ್ಕದಲ್ಲೇ ಕೂತಿದ್ದಳು. ಅವರಿಗೆ ಅವಳು ಏನೂ ಹೇಳಿರಲಿಲ್ಲ.

"ಊಂ, ಬಂದಂಗೇ ಆಯ್ತು" ಅಂದಳು. ಆಮೇಲೆ ಡಬ್ಬಿಯ ಮುಚ್ಚಳವನ್ನು ಅಂಗೈಯಲ್ಲಿ ಒತ್ತಿ ತೆಗೆದು, ಊದಿದ ಬೆರಳುಗಳಲ್ಲಿ ಒಂದು ಖರ್ಜೂರ ಎತ್ತಿ ನನ್ನ ಕೈಗಿಟ್ಟಳು.

"ತಿನ್ನಕ್ಕ" ಅಂದಳು.

ತಿಂದೆ.