ಕೀಲಿಕೈಗೂ ವಿಮೆ ಉಂಟು

ರಾಯಚೂರಿನ ಚಪ್ಪಲಿ ವ್ಯಾಪಾರಿ ಅಲ್ಲಾಉದ್ದೀನ್ ಸಾಹೇಬರ ಕಾರಿಗೆ ಇಲ್ಲದ ರಕ್ಷಣೆ ಇರಲಿಲ್ಲ. ದೃಷ್ಟಿ ತಾಗದಿರಲೆಂದು ಹಿಂದೆ ಹಳೇ ಚಪ್ಪಲಿ, ಮುಂದೆ ನಿಂಬೆಹಣ್ಣು, ಒಳಗೆ ಕನ್ನಡಿಗೆ ಇಮಾಮ್ ಜಾಮಿನ್. ಊರಿಗೆ ಹೊರಟವರು ಸುಖವಾಗಿ ಮರಳಲಿ ಎಂದು ನಾಣ್ಯವನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟುವುದು ಅವರ ಮಂದಿಯ ಪದ್ಧತಿ. ಸಾಹೇಬರು ಅದನ್ನು ಕಾರಿಗೇ ಕಟ್ಟಿದ್ದರು. ಮುರಿದ ತೋಳು ತಾನಾಗಿ ಕೂಡಿಕೊಳ್ಳುತ್ತದೆ, ಬಂಪರು ಕೂಡಿಕೊಳ್ಳುತ್ತದೆಯೇ ಎಂಬುದು ಅವರ ತರ್ಕ.

ಆದರೆ ಕಾರಿನ ಕಾಗದದಲ್ಲಿದ್ದ ಹೆಸರು ಅವರ ಹೆಂಡತಿ ಉಮ್ಮೇ ಕುಲ್ಸುಮಳದು. ಹೆಂಗಸಿನ ಹೆಸರಲ್ಲಿ ಗಾಡಿ ಇದ್ದರೆ ಬರಕತ್ತು, ಏಳಿಗೆಯಾಗುತ್ತದೆ ಎಂದು ಪಕ್ಕದ ಅಂಗಡಿಯ ವಿರೂಪಣ್ಣ ಹೇಳಿದ್ದ. ಅವಳು ಹೆಸರು ಕೊಟ್ಟಳು. ಸ್ಟೇರಿಂಗ್ ಕೇಳಿದಾಗ ಮಾತ್ರ "ನಿನಗ್ಯಾಕ ಅದೆಲ್ಲಾ?" ಎಂದು ಬಾಯಿ ಮುಚ್ಚಿಸಿದರು. ಆರು ವರ್ಷ ಅವಳು ಎಡಗಡೆ ಕೂತದ್ದೇ ಕೂತದ್ದು. ಬೆಲ್ಟು ಹಾಕುವಂತಿಲ್ಲ, ಸೀಟಿನ ಕವರು ಸವೆಯುತ್ತದಂತೆ!

ಒಂದು ದಿನ ದೇವದುರ್ಗದ ಅಂಗಡಿಗಳಿಗೆ ಮಾಲು ಕೊಟ್ಟು ಬರುವಾಗ ಗಬ್ಬೂರಿನ ಹತ್ತಿರ ಎಮ್ಮೆಗಳು ಅಡ್ಡ ಬಂದವು. ಸಾಹೇಬರು ಫೋನಿನಲ್ಲಿ ಚಪ್ಪಲಿಯ ನಂಬರು ಹೇಳುತ್ತಿದ್ದರು. ಬ್ರೇಕು ಬಿದ್ದ ರಭಸಕ್ಕೆ ಉಮ್ಮೇ ಕುಲ್ಸುಮಳ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ಸಾಹೇಬರು ಗಾಬರಿಯಾಗಿ ಇಳಿದು ಓಡಿದರು, ಬಂಪರು ನೋಡಲು. "ಅಲ್ಲಾನ ದಯಾ, ಏನೂ ಆಗಿಲ್ಲ" ಎಂದು ನಿಟ್ಟುಸಿರು ಬಿಟ್ಟರು. ಅವಳ ಹಣೆಯ ಮೇಲೆ ನಿಂಬೆಕಾಯಿಯಷ್ಟು ಬುಗುಟೆದ್ದಿತ್ತು.

ಬುಗುಟು ಇಳಿಯುವ ಮೊದಲೇ ವಿಮೆಯ ಏಜೆಂಟ್ ಹಾಲೇಶ ಮನೆಗೆ ಬಂದ.

"ಸಾಹೇಬ್ರ, ವಿಮಾ ಮುಗಿಯಾಕ ಇನ್ನ ನಲವತ್ತೈದು ದಿನ ಅದ. ಈ ಸಲ ಏನೇನು ಹಚ್ಚಲಿ?"

"ಟೈರು, ಇಂಜಿನ್ನು, ಎಲ್ಲಾ ಹಚ್ಚು. ಹೋದ ಸಲ ಕೀಲಿಕೈ ಬಿಟ್ಟುಹೋಗಿತ್ತು, ಅದನ್ನೂ ಹಚ್ಚು. ಗಾಡಿ ಹೊಡ್ಯೋ ಮಾಲಕಗ ಅಪಘಾತ ಆದ್ರ ಕೊಡ್ತೀರಲ್ಲ, ಅದೂ ಇರ್ಲಿ."

"ಪಕ್ಕದಾಗ ಕುಂತವರಿಗೆ?"

"ಆಕಿಗ್ಯಾಕೋ? ಆಕಿ ಏನ್ ಗಾಡಿ ಹೊಡೀತಾಳೇನು? ಸುಮ್ಮ ಕುಂತಾಕಿಗೆ ಅಲ್ಲಾ ಅದಾನ."

ಚಹಾ ತಂದ ಉಮ್ಮೇ ಕುಲ್ಸುಮ್ ಬಾಗಿಲಲ್ಲೇ ನಿಂತಳು. ಮನೆಯಲ್ಲಿ ಅವಳ ಮಾತು ದಖ್ನಿ ಉರ್ದು. ಸಿಟ್ಟು ಬಂದರೆ ಮಾತ್ರ ತವರು ಚೀಕಲಪರ್ವಿಯ ಕನ್ನಡ.

"ಕೀಲಿಕೈಗೂ ವಿಮಾ ಮಾಡಿಸ್ತೀರಿ. ನಾ ಕೀಲಿಕೈಗಿಂತ ಕಡಿಮಿ ಏನ್ರಿ?"

"ಕೀಲಿಕೈ ಕಳೀತದ. ನೀ ಎಲ್ಲಿ ಕಳೀತಿ?" ಎಂದು ಸಾಹೇಬರು ನಕ್ಕರು.

ಹಾಲೇಶ ನಗಲಿಲ್ಲ. ಕಾರಿನ ಕಾಗದ ಓದುತ್ತಿದ್ದ. "ಸಾಹೇಬ್ರ, ಮಾಲಕರು ಅಂದ್ರ ಇದರಾಗ ಹೆಸರಿದ್ದವರು. ಇಲ್ಲಿ ಅಮ್ಮಾರ ಹೆಸರದ. ಆ ವಿಮಾ ಅವರಿಗೇ ರೀ, ಅದೂ ಲೈಸೆನ್ಸ್ ಇದ್ರ."

"ಮತ್ತ ನಾನು?"

"ನೀವು ಅದರಾಗ ಬರಂಗಿಲ್ರಿ."

ಇದ್ದದ್ದು ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ! ಸಾಹೇಬರು ಹಾಲೇಶನ ಮೇಲೆಯೇ ಹರಿಹಾಯ್ದರು. ಹೆಸರು ಬದಲಿಸೋಣವೆಂದರೆ ಬರಕತ್ತು ಹೋಗುತ್ತದೆಂದು ವಿರೂಪಣ್ಣ ಹೆದರಿಸಿದ. ವಿಮೆ ಬಿಡೋಣವೆಂದರೆ ಸಾಹೇಬರಿಗೆ ಯಾವುದನ್ನೂ ಬಿಟ್ಟು ಗೊತ್ತಿಲ್ಲ. "ಹಂಗಾರ ನನಗ ಲೈಸೆನ್ಸ್ ಮಾಡಿಸ್ರಿ" ಎಂದಳು ಉಮ್ಮೇ ಕುಲ್ಸುಮ್. ಬೇರೆ ದಾರಿ ಇರಲಿಲ್ಲ, ಒಪ್ಪಿದರು.

ವಿಮೆ ಮುಗಿಯಲು ಎರಡು ದಿನವಿರುವಾಗ ಲೈಸೆನ್ಸ್ ಕೈಗೆ ಬಂತು. ಮರುದಿನ ಉಮ್ಮೇ ಕುಲ್ಸುಮ್ ಬಲಗಡೆ ಕೂತು ಮಾನ್ವಿ ದಾರಿ ಹಿಡಿದಳು. ಎಡಗಡೆ ಸಾಹೇಬರು. ಊರು ದಾಟುವಷ್ಟರಲ್ಲಿ ಬೆಲ್ಟು ಹಾಕಿಕೊಂಡರು, ಕವರಿನ ನೆನಪಾಗಲಿಲ್ಲ. ಎದುರಿಗೆ ಹತ್ತಿ ತುಂಬಿದ ಲಾರಿ ಬಂದಾಗ ಕಾಲಡಿ ಇಲ್ಲದ ಬ್ರೇಕು ತುಳಿದರು. ಇನ್ನೊಂದು ಲಾರಿ ಬಂತು. ಕನ್ನಡಿಯ ಇಮಾಮ್ ಜಾಮಿನ್ ಬಿಚ್ಚಿ ತಮ್ಮ ತೋಳಿಗೆ ಕಟ್ಟಿಕೊಂಡು ಫೋನ್ ಹಚ್ಚಿದರು.

"ಹಾಲೇಶಾ, ಪಕ್ಕದಾಗ ಕುಂತವರದೂ ಹಚ್ಚಿಬಿಡಪ್ಪಾ. ಈಗಿಂದೀಗ ಹಚ್ಚು."

"ಮಾಲಕರು ಹೂಂ ಅನ್ಬೇಕ್ರಿ" ಎಂದ ಹಾಲೇಶ.

ಸಾಹೇಬರು ಫೋನನ್ನು ಹೆಂಡತಿಯ ಕಿವಿಗೆ ಹಿಡಿಯಹೋದರು. ಅವಳು ರಸ್ತೆಯಿಂದ ಕಣ್ಣು ಕೀಳಲಿಲ್ಲ.

"ಗಾಡಿ ಹೊಡ್ಯಾಗ ನಾ ಫೋನಿನಾಗ ಮಾತಾಡಂಗಿಲ್ಲ. ಮಾಲಕರು ಮನಿಗೆ ಹೋಗಿ ವಿಚಾರ ಮಾಡಿ ಹೇಳ್ತಾರ ಅಂತ ಹೇಳ್ರಿ. ಅಲ್ಲೀತನಕ ಸುಮ್ಮ ಕುಂತವರಿಗೆ ಅಲ್ಲಾ ಅದಾನ."