ಸೊಪ್ಪಿನಕ್ಕ ತೊಳೆದ ಸೀಬೆ ಎಲೆ

ನಮ್ಮಕ್ಕ ಮಾರುಕಟ್ಟೆಯಲ್ಲಿ ಸೊಪ್ಪು ಮಾರಿಯೇ ಮಗನನ್ನು ದಡ ಸೇರಿಸಿದವಳು. ಊರಿಗೆಲ್ಲ ಅವಳು ಸೊಪ್ಪಿನಕ್ಕ. ಅವಳ ಕಟ್ಟಿನಲ್ಲಿ ಹುಳ ತೋರಿಸಿದವರು ಇನ್ನೂ ಹುಟ್ಟಿಲ್ಲ. ಕಾಲಿನ ಮಂಡಿ ಕೈಕೊಟ್ಟ ಮೇಲೆ ಮೂಲೆ ಹಿಡಿದಳು. "ಉಣ್ಣೋಕೆ ಮಾತ್ರ ಇದೀನಿ ಕಣೋ ತಮ್ಮಾ" ಎಂದು ನನ್ನೆದುರು ಕಣ್ಣೊರೆಸಿಕೊಳ್ಳುತ್ತಿದ್ದಳು.

ಅವಳ ಸೊಸೆ ಕಾಲೇಜಿನ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುವವಳು. ಬೆಳ್ಳಿಯ ಲವಣ ಕರಗಿಸಿದ ನೀರಿಗೆ ಎಲೆಯ ಕಷಾಯ ಬೆರೆಸಿದರೆ, ಕಟು ರಾಸಾಯನಿಕಗಳ ಹಂಗಿಲ್ಲದೆ ಬೆಳ್ಳಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗುತ್ತದೆ. ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಹಿತ್ತಲಿನ ಸೀಬೆ ಎಲೆ ಬೇಕಾಯಿತು.

"ಅತ್ತೆ, ಒಂದಿಷ್ಟು ಎಲೆ ಕಿತ್ತು ತೊಳೆದಿಡ್ತೀರಾ?"

ಅಷ್ಟೇ ಸಾಕಾಯಿತು. ಅಕ್ಕನ ಮುಖಕ್ಕೆ ಕಳೆ ಬಂತು. ಮಂಡಿನೋವು ಎಂಬ ಮಾತೇ ಮನೆಯಲ್ಲಿ ಕೇಳಿಸದಾಯಿತು.

ಆದರೆ ಪ್ರಯೋಗ ಕೈಗೆ ಹತ್ತಲಿಲ್ಲ. ಕಂದಾಗಬೇಕಾದ ನೀರು ಪ್ರತಿ ಸಲವೂ ಹಾಲು ಒಡೆದಂತೆ ಬೆಳ್ಳಗಾಗುತ್ತಿತ್ತು. ಸೊಸೆ ಸೊರಗಿಹೋದಳು.

ಒಂದು ದಿನ ಅವಳು ಬೇಗ ಮನೆಗೆ ಬಂದಾಗ, ಅಕ್ಕ ಎಲೆಗಳನ್ನು ಬೋಗುಣಿಯ ನೀರಲ್ಲಿ ಅದ್ದಿ ಮೇಲೆ ಉಪ್ಪು ಸುರಿಯುತ್ತಿದ್ದಳು. ನಾನು ಪಕ್ಕದಲ್ಲೇ ಕೂತಿದ್ದೆ.

"ಅಯ್ಯೋ ಅತ್ತೆ, ಉಪ್ಪು ಯಾಕೆ?"

"ಹುಳ ಬಿಟ್ಟು ಹೋಗೋಕೆ ಕಣೇ. ಮಾರೋ ಸೊಪ್ಪಿಗೆ ಒಂದು ಹಿಡಿ, ನಿನ್ನ ಕೆಲಸ ಅಂತ ಎರಡು ಹಿಡಿ!"

ಸೊಸೆ ಅಲ್ಲೇ ಕುಸಿದು ಕೂತು ನಗತೊಡಗಿದಳು. ಉಪ್ಪು ಸೋಕಿದರೆ ಬೆಳ್ಳಿಯ ಲವಣ ಬಿಳಿ ಗಸಿಯಾಗಿ ತಳಕ್ಕಿಳಿಯುತ್ತದೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. ಅಕ್ಕನ ಕೈ ಬೋಗುಣಿಯಲ್ಲೇ ನಿಂತಿತು.

"ಕೆಡಿಸ್ದೋಳು ನಾನೇ ಅನ್ನು. ಇನ್ಮೇಲೆ ನೀನೇ ಕಿತ್ಕೋ ತಾಯಿ."

"ಆಹಾ, ಕೆಡಿಸಿ ಮೆಲ್ಲಗೆ ಜಾರ್ಕೊಳ್ತೀರಾ? ಬಿಡ್ತೀನಾ ನಾನು?"

ಮರುದಿನ ಅವಳು ಒಂದು ಕ್ಯಾನು ತಂದು ಅತ್ತೆಯ ಮುಂದಿಟ್ಟಳು. "ಭಟ್ಟಿ ಇಳಿಸಿದ ನೀರು. ಇದರಲ್ಲೇ ತೊಳೀರಿ."

"ಭಟ್ಟಿನಾ? ಮರ್ಯಾದಸ್ಥರ ಮನೆ ಕಣೇ ಇದು! ಏನಿದೆ ಇದರಲ್ಲಿ?"

"ಏನೂ ಇಲ್ಲ. ಅದಕ್ಕೇ ಇದು ಬೇಕು."

ಅಕ್ಕ ಒಲ್ಲದ ಮನಸ್ಸಿನಿಂದಲೇ ಕೈ ಹಾಕಿದಳು. ಒಂದೊಂದೇ ಎಲೆಯನ್ನು ಕೂಸಿನ ಕೆನ್ನೆಯಂತೆ ಸವರಿ ತೊಳೆದಳು.

ಮಾರನೆಯ ಸಂಜೆ ಸೊಸೆ ಕಾಲೇಜಿನಿಂದ ಬಂದವಳೇ ಬಿರಡೆ ಹಾಕಿದ ಗಾಜಿನ ನಳಿಕೆಯೊಂದನ್ನು ಅತ್ತೆಯ ಅಂಗೈಯಲ್ಲಿಟ್ಟಳು. ಒಳಗೆ ಕಂದು ನೀರು.

"ಬೆಳ್ಳಿ ಅಂದೆ, ಇದು ಹಳಸಲು ಚಹಾ ಇದ್ದಂಗಿದೆಯಲ್ಲೇ?"

"ಬೆಳ್ಳೀನೇ ಅತ್ತೆ. ನೀವು ತೊಳೆದ ಎಲೇದು."

ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ನಾಳೆಗೆ ಎಷ್ಟು ಎಲೆ ಬೇಕು, ಈಗಲೇ ಹೇಳು."